ಕಟ್ಟು ಬಿಚ್ಚುವ ಸೇವೆ: ತೀವ್ರ ನಿಗಾ ಘಟಕದಿಂದ ಮರಳಿದವರ ಪಾಲನೆ

ತೀವ್ರ ನಿಗಾ ಘಟಕದಲ್ಲಿರುವ ರೋಗಿಯ ವಿಷಯದಲ್ಲಿ ಧರ್ಮಕೇಂದ್ರದ ಗುರುಗಳಿಗೆ ಸಾಮಾನ್ಯವಾಗಿ ಎರಡು ಬಾರಿ ಕರೆ ಬರುತ್ತದೆ. ಮೊದಲನೆಯದು ರೋಗಿಗಳ ಅಭ್ಯಂಗಕ್ಕಾಗಿ. ರೋಗಿ ಬದುಕುಳಿದರೆ ಎರಡನೆಯದು ಕೃತಜ್ಞತಾ ಬಲಿಪೂಜೆಗಾಗಿ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತೆಂದು ಭಾವಿಸುತ್ತೇವೆ. ಆದರೆ ಅನೇಕರ ಪಾಲಿಗೆ ಅತ್ಯಂತ ಏಕಾಂಗಿಯಾದ ಹೋರಾಟ ಆರಂಭವಾಗುವುದೇ ಮನೆಗೆ ಮರಳಿದ ಮೇಲೆ. ಆ ತಿಂಗಳುಗಳ ಪಾಲನಾ ಸೇವೆಯು ಅಭ್ಯಂಗ ಸಂಸ್ಕಾರದ ಮುಂದುವರಿಕೆಯೇ ಆಗಿದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ವೈದ್ಯಕೀಯ ಬರಹಗಳಲ್ಲಿ ೨೦೧೨ರಿಂದೀಚೆಗೆ ಈ ಸ್ಥಿತಿಗೆ ‘ತೀವ್ರ ನಿಗಾ ನಂತರದ ಲಕ್ಷಣಕೂಟ’ ಎಂಬರ್ಥದ ಹೆಸರು ನೆಲೆಗೊಂಡಿದೆ. ಇದಕ್ಕೆ ಮೂರು ಮುಖಗಳಿವೆ: ಸ್ನಾಯುಗಳು ಕ್ಷೀಣಿಸಿ ಮೆಟ್ಟಿಲು ಹತ್ತುವುದೂ ದುಸ್ತರವಾಗುವ ದೇಹದ ದುರ್ಬಲತೆ, ಮರೆವು ಹಾಗೂ ಏಕಾಗ್ರತೆಯ ಕೊರತೆ, ಆತಂಕ, ಖಿನ್ನತೆ ಮತ್ತು ದುಃಸ್ವಪ್ನಗಳು. ಅಮೆರಿಕದಲ್ಲಿ ೨೦೧೩ರಲ್ಲಿ ಪ್ರಕಟವಾದ, ೮೨೧ ರೋಗಿಗಳನ್ನು ಒಳಗೊಂಡ ಅಧ್ಯಯನವೊಂದರಲ್ಲಿ ಶೇ. ೭೪ ಮಂದಿಗೆ ಆಸ್ಪತ್ರೆಯಲ್ಲಿದ್ದಾಗ ಸನ್ನಿ ಕಾಣಿಸಿಕೊಂಡಿತ್ತು. ಮೂರು ತಿಂಗಳ ನಂತರ ಪರೀಕ್ಷೆಗೊಳಗಾದವರಲ್ಲಿ ಶೇ. ೪೦ ಮಂದಿಯ ಗ್ರಹಣಶಕ್ತಿಯು ಮಿದುಳಿಗೆ ಮಧ್ಯಮ ಪ್ರಮಾಣದ ಪೆಟ್ಟು ಬಿದ್ದವರ ಮಟ್ಟದಲ್ಲಿತ್ತು. ಆರೈಕೆ ಮಾಡುವ ಮನೆಯವರನ್ನೂ ಇಂಥದೇ ಆತಂಕ, ಖಿನ್ನತೆಗಳು ಕಾಡುತ್ತವೆ.

ಎರಡನೆಯ ವ್ಯಾಟಿಕನ್ ಮಹಾಸಭೆಯು ೧೯೬೩ರಲ್ಲಿ, ‘ಅಂತ್ಯಾಭ್ಯಂಗ’ಕ್ಕಿಂತ ‘ರೋಗಿಗಳ ಅಭ್ಯಂಗ’ ಎಂಬ ಹೆಸರೇ ಹೆಚ್ಚು ಸೂಕ್ತವೆಂದು ಸಾರಿತು. ಈ ಸಂಸ್ಕಾರದ ಆಧಾರವಾದ ಯಕೋಬನ ಪತ್ರದಲ್ಲಿ (೫:೧೫) ಪ್ರಭು ರೋಗಿಯನ್ನು ಎಬ್ಬಿಸುವನೆಂಬ ವಾಗ್ದಾನವಿದೆ. ಅಲ್ಲಿನ ಗ್ರೀಕ್ ಕ್ರಿಯಾಪದವು ಹೊಸ ಒಡಂಬಡಿಕೆಯಲ್ಲಿ ಯೇಸುವಿನ ಪುನರುತ್ಥಾನಕ್ಕೂ ಬಳಕೆಯಾಗಿದೆ. ಹೀಗೆ ಎದ್ದವರ ವಿಷಯದಲ್ಲಿ ಯೇಸುಸ್ವಾಮಿ ಏನು ಮಾಡಿದರೆಂಬುದನ್ನು ಗಮನಿಸಬೇಕು. ಲಾಜರನನ್ನು ಸಮಾಧಿಯಿಂದ ಕರೆದವರು ಸ್ವಾಮಿಯೇ. ಅವನ ಕಟ್ಟುಗಳನ್ನು ಬಿಚ್ಚುವ ಕೆಲಸವನ್ನು ಸುತ್ತಲಿದ್ದವರಿಗೆ ಒಪ್ಪಿಸಿದರು (ಯೊವಾ ೧೧:೪೪). ಯಾಯಿರನ ಮಗಳನ್ನು ಎಬ್ಬಿಸಿದೊಡನೆ ಆಕೆಗೆ ಊಟ ಕೊಡುವಂತೆ ಮನೆಯವರಿಗೆ ಹೇಳಿದರು (ಮಾರ್ಕ ೫:೪೩). ಜೀವ ಕೊಡುವುದು ದೇವರ ಕಾರ್ಯ. ಆ ಜೀವಕ್ಕೆ ನಡೆಯಲು ನೆರವಾಗುವುದು ಸಮುದಾಯಕ್ಕೆ ವಹಿಸಿದ ಕಾರ್ಯ.

ಈ ಹಿನ್ನೆಲೆಯಲ್ಲಿ ಗುರುಗಳ ಕರ್ತವ್ಯಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು, ಸಂಸ್ಕಾರದ ಸಂಗತಿಯನ್ನು ರೋಗಿಗೆ ತಿಳಿಸುವುದು. ಪ್ರಜ್ಞೆಯಿದ್ದಾಗ ಪರೋಕ್ಷವಾಗಿಯಾದರೂ ಬಯಸಿದ್ದವರಿಗೆ ಅಭ್ಯಂಗವನ್ನು ನೀಡಬೇಕೆಂದು ಧರ್ಮಸಭೆಯ ಕಾನೂನು ವಿಧಿಸುತ್ತದೆ (ವಿಧಿ ೧೦೦೬). ಆದ್ದರಿಂದ ತಾನು ಅಭ್ಯಂಗ ಪಡೆದುದೇ ಅನೇಕರಿಗೆ ತಿಳಿದಿರುವುದಿಲ್ಲ. ಸ್ಕ್ಯಾಂಡಿನೇವಿಯಾದ ಆಸ್ಪತ್ರೆಗಳಲ್ಲಿ ದಾದಿಯರೂ ಮನೆಯವರೂ ರೋಗಿಗಾಗಿ ದಿನಚರಿ ಬರೆದಿಟ್ಟು, ಅವನು ಕಳೆದುಕೊಂಡ ದಿನಗಳನ್ನು ಮುಂದೆ ಅವನಿಗೆ ಮರಳಿಸುವ ಪದ್ಧತಿ ದಶಕಗಳಿಂದಿದೆ. ಗುರುಗಳು ಯಾವ ದಿನ ಬಂದರು, ಹಣೆಗೂ ಕೈಗಳಿಗೂ ತೈಲ ಲೇಪಿಸಿ ಏನೆಂದು ಪ್ರಾರ್ಥಿಸಿದರು, ಯಾರೆಲ್ಲ ಜೊತೆಗಿದ್ದರು ಎಂಬುದನ್ನೂ ಹಾಗೆಯೇ ಹೇಳಬೇಕು. ಅರಿವಿಲ್ಲದೆ ಪಡೆದ ಕೃಪೆ ಆಗ ಅರಿವಿಗೆ ಬರುತ್ತದೆ.

ಎರಡನೆಯದು, ಭಯಾನಕ ನೆನಪುಗಳನ್ನು ಆಲಿಸುವುದು. ತನ್ನನ್ನು ಕೊಲ್ಲಲು ಯತ್ನಿಸಿದರು, ದೆವ್ವಗಳು ಸುತ್ತುವರಿದಿದ್ದವು ಎಂದು ರೋಗಿ ಹೇಳಬಹುದು. ಸನ್ನಿಯಲ್ಲಿ ಕಂಡ ಇವು ಅವನಿಗೆ ನಿಜವಾಗಿ ನಡೆದಂತೆಯೇ ನೆನಪಿರುತ್ತವೆ. ಇವುಗಳಿಗೆ ಪಾಪದ, ಪಿಶಾಚಿಯ ಅಥವಾ ಅವಿಶ್ವಾಸದ ಹಣೆಪಟ್ಟಿ ಹಚ್ಚಬಾರದು. “ದೇವರು ಮರುಜನ್ಮ ಕೊಟ್ಟಿದ್ದಾರೆ, ಸಂತೋಷವಾಗಿರಿ” ಎಂಬ ಮಾತು ಕೂಡ ಅಳಲನ್ನು ಗಂಟಲಲ್ಲೇ ತಡೆಯಬಹುದು. ಭಯ ವಾರಗಟ್ಟಲೆ ಉಳಿದರೆ ಮನೋವೈದ್ಯರಲ್ಲಿಗೆ ಕಳುಹಿಸುವುದೂ ಪಾಲನೆಯ ಭಾಗವೇ.

ಮೂರನೆಯದು, ಭಕ್ತಿಯ ಹೊರೆಯನ್ನು ಹಗುರಗೊಳಿಸುವುದು. ಭಾನುವಾರದ ಬಲಿಪೂಜೆಗೆ ಬರಲಾಗದ ರೋಗಿ ತಪ್ಪಿತಸ್ಥನಲ್ಲವೆಂದು ಸ್ಪಷ್ಟವಾಗಿ ಹೇಳಬೇಕು. ರೋಗಿಗೂ ಆರೈಕೆ ಮಾಡುವವರಿಗೂ ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸ ಕಡ್ಡಾಯವಲ್ಲ (ವಿಧಿ ೯೧೯). ಕೃತಕ ಉಸಿರಾಟದ ಕೊಳವೆ ತೆಗೆದ ಮೇಲೆ ಕೆಲವರಿಗೆ ನುಂಗುವುದು ಕಷ್ಟ. ಅಂಥವರಿಗೆ ಅತಿ ಚಿಕ್ಕ ತುಣುಕನ್ನು, ಅಗತ್ಯವಾದರೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರವೇ ಪರಮಪ್ರಸಾದವನ್ನು ನೀಡಬಹುದು (ವಿಧಿ ೯೨೫). ಯಾವುದು ಸುರಕ್ಷಿತವೆಂದು ವೈದ್ಯರಲ್ಲಿ ಮೊದಲೇ ವಿಚಾರಿಸಬೇಕು. ಏಕಾಗ್ರತೆ ನಿಲ್ಲದವರಿಗೆ ಜಪಮಾಲೆಯ ಒಂದೇ ರಹಸ್ಯ ಸಾಕು.

ನಾಲ್ಕನೆಯದು, ಮನೆಯವರ ಭಾರವನ್ನು ಧರ್ಮಕೇಂದ್ರವು ಹಂಚಿಕೊಳ್ಳುವುದು. ಸಾಲ, ನಿದ್ರೆಗೇಡು, ಕೆಲಸ ಕಳೆದುಕೊಂಡ ಚಿಂತೆ ಅಲ್ಲಿರುತ್ತವೆ. ವಾರಕ್ಕೊಮ್ಮೆ ರೋಗಿಯ ಬಳಿ ಎರಡು ಗಂಟೆ ಕುಳಿತುಕೊಳ್ಳುವವರು, ವ್ಯಾಯಾಮ ಚಿಕಿತ್ಸೆಗೆ ಕರೆದೊಯ್ಯುವವರು ಸಿಕ್ಕರೆ ಆ ಮನೆ ಉಸಿರಾಡುತ್ತದೆ.

ದಯಾಳು ಸಮಾರಿಯನು ಗಾಯಾಳುವನ್ನು ಛತ್ರಕ್ಕೆ ಸೇರಿಸಿ, ಮರಳಿ ಬರುವೆನೆಂದು ಮಾತು ಕೊಟ್ಟೇ ಹೊರಟನು (ಲೂಕ ೧೦:೩೫). ಅಭ್ಯಂಗ ನೀಡಿದ ದಿನಾಂಕವನ್ನು ಗುರುತು ಮಾಡಿಕೊಂಡು, ರೋಗಿ ಮನೆಗೆ ಬಂದ ವಾರದಲ್ಲಿ, ತಿಂಗಳ ನಂತರ, ಮತ್ತೆ ಮೂರು ತಿಂಗಳಿಗೆ ಭೇಟಿ ನೀಡುವುದನ್ನು ಗುರುಮಠದ ವಿದ್ಯಾರ್ಥಿಗಳು ಈಗಲೇ ರೂಢಿಸಿಕೊಳ್ಳಬಹುದು. ಹದಿನೈದು ನಿಮಿಷದ ಭೇಟಿ ಸಾಕು. ದಣಿದ ರೋಗಿಗೆ ಅದಕ್ಕಿಂತ ದೀರ್ಘವಾದುದು ಭಾರವಾದೀತು.