ಒಂದು ದಾರ, ಎರಡು ಸೂಜಿ

ನಮ್ಮ ಶಿರೂರಿನಲ್ಲಿ ಭಾನುವಾರ ಮಧ್ಯಾಹ್ನ ನೀವು ಏನು ಮಾಡುತ್ತೀರಿ? ಘೋಡ್ ನದಿಯ ಕಡೆ ಒಂದು ಸುತ್ತು, ಇಲ್ಲವೇ ರಾಂಜಣಗಾವ್ ಗಣಪತಿಯ ದರ್ಶನ, ಅದೂ ಇಲ್ಲದಿದ್ದರೆ ನಿದ್ದೆ. ನಾನು ಚರ್ಮ ಹೊಲಿಯುತ್ತೇನೆ. ನಗಬೇಡಿ. ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದವನಿಗೆ ಪರ್ಸು, ಬೆಲ್ಟು, ಕನ್ನಡಕದ ಚೀಲ ಮಾಡುವುದೇ ಈಗ ಆರು ವರ್ಷದ ಹವ್ಯಾಸ.

ಮೊದಲು ಚರ್ಮದ ವಿಷಯ. ಅಂಗಡಿಯಲ್ಲಿ ಅದನ್ನು ಚದರಡಿಯ ಲೆಕ್ಕದಲ್ಲಿ ಕೊಡುತ್ತಾರೆ. ನೋಡಲು ಎಲ್ಲವೂ ಒಂದೇ ಥರ, ಆದರೆ ಒಂದು ಕ್ರೋಮ್ ಉಪ್ಪಿನಲ್ಲಿ ಹದ ಮಾಡಿದ್ದು, ಇನ್ನೊಂದು ಗಿಡಮರದ ತೊಗಟೆಯಲ್ಲಿ ಹದ ಮಾಡಿದ್ದು. ಬಣ್ಣ ಹಚ್ಚದ ಚೂರಿನ ಮೇಲೆ ಒಂದು ಹನಿ ನೀರು ಬಿಡಿ. ತೊಗಟೆಯ ಚರ್ಮ ನೀರನ್ನು ಹೀರಿ ಕಪ್ಪಾಗುತ್ತದೆ. ಬೆಲ್ಟಿಗೆ, ಕೆತ್ತನೆಗೆ ಅದೇ ಬೇಕು. ಮೆತ್ತನೆಯ ಕೈಚೀಲಕ್ಕೆ ಕ್ರೋಮ್ ಸಾಕು.

ಇನ್ನು ಹೊಲಿಗೆ. ನನ್ನನ್ನು ಈ ಹುಚ್ಚಿಗೆ ಹಚ್ಚಿದ್ದೇ ಅದು. ಒಂದೇ ದಾರ, ಅದರ ಎರಡೂ ತುದಿಗೆ ಒಂದೊಂದು ಸೂಜಿ. ಹೊಲಿಯುವ ಉದ್ದದ ನಾಲ್ಕರಷ್ಟು ದಾರ ತೆಗೆದುಕೊಂಡು ಜೇನುಮೇಣ ತಿಕ್ಕಬೇಕು. ದಬ್ಬಣದಿಂದ ಮಾಡಿದ ಪ್ರತಿ ತೂತಿನಲ್ಲೂ ಎರಡು ಸೂಜಿಗಳು ಎದುರುಬದುರಾಗಿ ದಾಟಬೇಕು. ಮಿಷನ್ ಹೊಲಿಗೆಯಲ್ಲಿ ಒಂದು ಕಡೆ ದಾರ ತುಂಡಾದರೆ ಮುಂದಿನದು ಬಿಚ್ಚುತ್ತಾ ಹೋಗುತ್ತದೆ. ಇದರಲ್ಲಿ ಒಂದು ಹೋದರೂ ಉಳಿದವು ಹಿಡಿದುಕೊಂಡಿರುತ್ತವೆ. ಬೆಲ್ಟೊಂದಕ್ಕೆ ನನಗೆ ಮೂರು ಗಂಟೆ ಹಿಡಿಯುತ್ತದೆ. ಬೆರಳಿಗೆ ಸೂಜಿ ಚುಚ್ಚಿಕೊಂಡದ್ದರ ಲೆಕ್ಕ ಬೇರೆ.

ಆರಂಭದಲ್ಲಿ ನೆಂಟರಿಗೆ ಉಡುಗೊರೆ ಕೊಟ್ಟೆ. ಆಮೇಲೆ ಸಹೋದ್ಯೋಗಿಗಳು ಕೇಳಿದರು. ಚರ್ಮಕ್ಕೆ 150, ಬಕಲ್‌ಗೆ 50, ದಾರ-ಬಣ್ಣ-ಎಣ್ಣೆಗೆ 30, ಒಟ್ಟು 230 ರೂಪಾಯಿ ಖರ್ಚು. ಬೆಲ್ಟನ್ನು 250ಕ್ಕೆ ಕೊಟ್ಟು 20 ರೂಪಾಯಿ ಲಾಭವೆಂದು ಬೀಗಿದೆ. ಒಂದು ದೀಪಾವಳಿಗೆ ಇಪ್ಪತ್ತಾರು ಬೆಲ್ಟು ಹೋದವು.

ನಮ್ಮ ಪೇಟೆಯಲ್ಲಿ ಅಥಣಿ ಕಡೆಯ ಹಿರಿಯರೊಬ್ಬರು ಚಪ್ಪಲಿ ಹೊಲಿಯುತ್ತಾರೆ. ರಂಪಿಗೆ ಹಿಡಿದು ಚರ್ಮದ ಅಂಚು ತೆಳುವಾಗಿ ಕೆರೆಯುವುದನ್ನು ನನಗೆ ಹೇಳಿಕೊಟ್ಟವರು ಅವರೇ. ಹಬ್ಬದ ನಂತರ ನನ್ನ ಬೆಲ್ಟು ತೋರಿಸಲು ಹೋದೆ. ತಿರುಗಿಸಿ ನೋಡಿ, “ಹೊಲಿಗಿ ಚೊಲೋ ಆಗೇತಿ ಸಾಹೇಬ್ರ. ಆದ್ರ ನಿಮಗ ತಿಂಗಳಾ ಪಗಾರ ಬರ್ತೈತಿ. ನೀವು ಎರಡನೂರಾ ಐವತ್ತಕ್ಕ ಕೊಟ್ರ, ನಾ ಐದನೂರು ಅಂದಾಗ ಗಿರಾಕಿ ನನ್ನ ಮಾರಿ ನೋಡಿ ನಗತಾನ” ಎಂದರು. ನನಗೆ ಮಾತು ಹೊರಡಲಿಲ್ಲ.

ಅಂದು ರಾತ್ರಿ ಇನ್ನೊಂದು ವಿಷಯವೂ ಹೊಳೆಯಿತು. ನಾನು ಚರ್ಮ ಮುಟ್ಟಿದರೆ “ಎಷ್ಟು ಒಳ್ಳೆಯ ಹವ್ಯಾಸ!” ಎನ್ನುತ್ತೀರಿ. ತಲೆಮಾರುಗಳಿಂದ ಅದೇ ಕೆಲಸ ಮಾಡಿದವರನ್ನು ನಮ್ಮ ಹಿರಿಯರು ಊರ ಹೊರಗೆ ಇಟ್ಟಿದ್ದರು. ಹನ್ನೆರಡನೆಯ ಶತಮಾನದ ಹರಳಯ್ಯನವರ ಕಥೆ ಕೇಳಿ ಕಣ್ಣು ಒರೆಸಿಕೊಳ್ಳುವ ನಾವೇ, ರಸ್ತೆ ಬದಿಯಲ್ಲಿ ಕೂತವರೊಡನೆ ಐದು ರೂಪಾಯಿಗೆ ಚೌಕಾಸಿ ಮಾಡುತ್ತೇವೆ.

ಕೊಲ್ಹಾಪುರಿ ಚಪ್ಪಲಿ ಎಂದರೆ ಮಹಾರಾಷ್ಟ್ರದ್ದು ಮಾತ್ರವೆಂದು ನೀವೂ ತಿಳಿದಿರಬಹುದು. ಅಥಣಿ, ನಿಪ್ಪಾಣಿಗಳಲ್ಲೂ ಅದು ಮನೆಮನೆಯ ಕಸುಬು. 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕ ಮಾನ್ಯತೆ ಎರಡೂ ರಾಜ್ಯಗಳಿಗೆ ಸೇರಿದ್ದು: ಅಲ್ಲಿ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ, ಇಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಚರ್ಮ. ಮೊಳೆಯ ಹಂಗಿಲ್ಲದೆ ಚರ್ಮದ ಎಳೆಯಲ್ಲೇ ಹೊಲಿಗೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಇದನ್ನೇ ಹೋಲುವ ಚಪ್ಪಲಿ ಪ್ರದರ್ಶಿಸಿದಾಗ ಭಾರತದ ಹೆಸರಿರಲಿಲ್ಲ. ಗಲಾಟೆಯಾದ ಮೇಲೆ ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್ಕಾಮ್, ಕರ್ನಾಟಕದ ಲಿಡ್ಕರ್ ನಿಗಮಗಳೊಡನೆ ಒಪ್ಪಂದವೂ ಆಯಿತು. ಜೋಡಿಗೆ ಹೇಳಿದ ಬೆಲೆ ಸುಮಾರು 800 ಯೂರೋ! ದೂರದ ದೊಡ್ಡವರನ್ನು ಬೈಯುವುದು ಸುಲಭ. 250 ರೂಪಾಯಿಯ ಬೆಲ್ಟು ಮಾರಿದವನು ನಾನೂ ಸಣ್ಣ ಪ್ರಾಡಾನೇ ಅಲ್ಲವೇ?

ಈಗ ಗಂಟೆಗೆ 100 ರೂಪಾಯಿಯಂತೆ ಕೂಲಿ ಸೇರಿಸಿ, ಬೆಲ್ಟಿಗೆ 550 ಹೇಳುತ್ತೇನೆ. ಗಿರಾಕಿ ಅರ್ಧಕ್ಕಿಂತ ಕಡಿಮೆಯಾಗಿದ್ದಾರೆ. ಮನೆಯವಳಿಗಂತೂ ಸಂತೋಷ, ಊಟದ ಮೇಜು ಖಾಲಿಯಾಯಿತೆಂದು. ಚಪ್ಪಲಿ ಬೇಕೆಂದವರನ್ನು ನೇರ ಅವರ ಹತ್ತಿರವೇ ಕಳಿಸುತ್ತೇನೆ.

ನೀವೂ ಶುರುಮಾಡುವುದಾದರೆ ಬೆಲ್ಟಿಗೆ ಕೈಹಾಕಬೇಡಿ, ಕೀಲಿಕೈ ಚೀಲದಿಂದ ಆರಂಭಿಸಿ. ಮಳೆಗಾಲದಲ್ಲಿ ಚರ್ಮವನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಬೇಡಿ. ಬೂಷ್ಟು ಹಿಡಿದು ನನ್ನ ಆರು ಚದರಡಿ ಹಾಳಾಗಿದೆ. ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ.

ಈ ಸಲದ ರಾಜ್ಯೋತ್ಸವದಲ್ಲಿ ನನ್ನ ಮೇಜಿನ ಪಕ್ಕ ಆ ಹಿರಿಯರದೂ ಒಂದು ಮೇಜು ಇರುತ್ತದೆ. ಚಪ್ಪಲಿ ಬೇಕಾದವರು ಕಾಗದದ ಮೇಲೆ ಪಾದವಿಟ್ಟು ಸುತ್ತ ಗೆರೆ ಎಳೆದು ತನ್ನಿ. ಸಂಜೆ ಎಳೆಯಿರಿ, ಆಗ ಪಾದ ಬೆಳಗಿಗಿಂತ ಸ್ವಲ್ಪ ದಪ್ಪಗಿರುತ್ತದಂತೆ, ಅವರೇ ಹೇಳಿದ್ದು.