ಹಳೆಯ ಮಸೂರ, ಹೊಸ ಕ್ಯಾಮರಾ: ಪೀಠದೂರದ ವಿಚಾರ

ಫಿಲ್ಮಿನ ಬಳಕೆ ವಿರಳವಾದಂದಿನಿಂದ ಅದಕ್ಕಾಗಿ ನಿರ್ಮಿತವಾದ ಕ್ಯಾಮರಾಗಳು ಕಾಲೇಜುಗಳ ಕಪಾಟುಗಳಲ್ಲಿಯೂ ಮನೆಗಳ ಪೆಟ್ಟಿಗೆಗಳಲ್ಲಿಯೂ ಸುಮ್ಮನೆ ಉಳಿದಿವೆ. ಸಾಮಾನುಗಳ ಪಟ್ಟಿಯನ್ನು ಪರಿಷ್ಕರಿಸುವಾಗ ಕ್ಯಾಮರಾದೊಡನೆ ಅದರ ಮಸೂರವನ್ನೂ ಕೈಬಿಡುವುದು ಸಹಜವೆಂದು ತೋರಬಹುದು. ಆದರೆ ಇವೆರಡರ ಆಯುಷ್ಯ ಒಂದೇ ಅಲ್ಲ. ಫಿಲ್ಮಿಲ್ಲದೆ ಕ್ಯಾಮರಾದ ಪೆಟ್ಟಿಗೆ ಕೆಲಸಕ್ಕೆ ಬಾರದು. ಮಸೂರಕ್ಕೆ ಆ ನಿರ್ಬಂಧವಿಲ್ಲ. ಬೆಳಕನ್ನು ವಕ್ರೀಭವಿಸಿ ಒಂದು ತಲದಲ್ಲಿ ಬಿಂಬವನ್ನು ಮೂಡಿಸುವುದಷ್ಟೇ ಅದರ ಕೆಲಸ. ಆ ತಲದಲ್ಲಿ ಫಿಲ್ಮಿರಲಿ, ಡಿಜಿಟಲ್ ಕ್ಯಾಮರಾದ ಸಂವೇದಕವಿರಲಿ, ಮೂಡುವ ಬಿಂಬ ಬಹುಮಟ್ಟಿಗೆ ಅದೇ. ಹಾಗಾದರೆ ಯಾವ ಹಳೆಯ ಮಸೂರವನ್ನಾದರೂ ಯಾವ ಹೊಸ ಕ್ಯಾಮರಾಕ್ಕಾದರೂ ಜೋಡಿಸಬಹುದೆ? ಇದಕ್ಕೆ ಉತ್ತರ ಕೊಡುವುದು ಮಸೂರದ ವಯಸ್ಸೂ ಅಲ್ಲ, ತಯಾರಕರ ಹೆಸರೂ ಅಲ್ಲ. ಒಂದು ಉದ್ದದ ಅಳತೆ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮಸೂರವು ಕ್ಯಾಮರಾದ ಮುಖದ ಮೇಲಿರುವ ಒಂದು ಲೋಹದ ಬಳೆಯ ಮೇಲೆ ಕುಳಿತುಕೊಳ್ಳುತ್ತದೆ. ಈ ಬಳೆಯನ್ನು ಪೀಠವೆಂದೂ, ಪೀಠದಿಂದ ಬಿಂಬತಲಕ್ಕಿರುವ ಅಂತರವನ್ನು ಪೀಠದೂರವೆಂದೂ ಕರೆಯೋಣ. ಇದನ್ನು ಸಂಗಮದೂರದೊಡನೆ ಬೆರೆಸಬಾರದು. ಸಂಗಮದೂರ ಮಸೂರದ ಗುಣ. ಪೀಠದೂರ ಒಂದು ವರ್ಗದ ಕ್ಯಾಮರಾಗಳ ನಿಯಮ. ಆ ವರ್ಗಕ್ಕೆ ಸೇರಿದ ಎಲ್ಲ ಮಸೂರಗಳೂ, ಅನಂತದೂರದ ವಸ್ತುವಿನ ಬಿಂಬ ಪೀಠದಿಂದ ಅಷ್ಟೇ ದೂರದಲ್ಲಿ ಬೀಳುವಂತೆ ರಚಿತವಾಗಿರುತ್ತವೆ.

1949ರಲ್ಲಿ ಡ್ರೆಸ್ಡೆನ್ನಿನಿಂದ ಹೊರಬಂದ ಕಾಂಟ್ಯಾಕ್ಸ್ ಎಸ್ ಕ್ಯಾಮರಾದಲ್ಲಿ 42 ಮಿ.ಮೀ. ವ್ಯಾಸದ ತಿರುಪಿನ ಪೀಠವಿತ್ತು. ಎಂ42 ಎಂದು ಹೆಸರಾದ ಈ ಪೀಠದ ದೂರ 45.46 ಮಿ.ಮೀ. ಜರ್ಮನಿ, ಜಪಾನ್, ಸೋವಿಯತ್ ಒಕ್ಕೂಟಗಳ ಅನೇಕ ತಯಾರಕರು ಇದನ್ನು ಅಂಗೀಕರಿಸಿದರು. 1959ರಲ್ಲಿ ಬಂದ ನಿಕಾನ್ ಎಫ್ ಪೀಠದ ದೂರ 46.5 ಮಿ.ಮೀ.; 1987ರ ಕ್ಯಾನನ್ ಇಎಫ್ ಪೀಠದ್ದು 44 ಮಿ.ಮೀ. ಇವೆಲ್ಲ ಏಕಮಸೂರ ಪ್ರತಿಫಲನ ಕ್ಯಾಮರಾಗಳು. ಮಸೂರಕ್ಕೂ ಫಿಲ್ಮಿಗೂ ನಡುವೆ ಓರೆಯಾಗಿ ನಿಂತ ಕನ್ನಡಿಯೊಂದು ಬೆಳಕನ್ನು ನೋಟಕಿಂಡಿಯ ಕಡೆಗೆ ತಿರುಗಿಸುತ್ತದೆ. ಚಿತ್ರ ತೆಗೆಯುವ ಕ್ಷಣದಲ್ಲಿ ಮೇಲಕ್ಕೇಳುತ್ತದೆ. ಆ ಕನ್ನಡಿ ಏಳಲು ಎಡೆ ಬೇಕಾದುದರಿಂದಲೇ ಪೀಠದೂರಗಳು ಇಷ್ಟು ದೊಡ್ಡವಾದವು.

2008ರಲ್ಲಿ ಪ್ಯಾನಸಾನಿಕ್ ಜಿ1 ಕ್ಯಾಮರಾದೊಡನೆ ಸ್ಥಿತಿ ಬದಲಾಯಿತು. ಅದರಲ್ಲಿ ಕನ್ನಡಿಯಿಲ್ಲ, ಸಂವೇದಕದ ಮೇಲೆ ಬಿದ್ದ ಬಿಂಬವನ್ನೇ ವಿದ್ಯುನ್ಮಾನ ಪರದೆಯ ಮೇಲೆ ತೋರಿಸಲಾಗುತ್ತದೆ. ಕನ್ನಡಿ ಹೋದ ಮೇಲೆ ಅದರ ಎಡೆಯೂ ಬೇಕಿಲ್ಲ. 2010ರ ಸೋನಿ ಇ ಪೀಠದ ದೂರ 18 ಮಿ.ಮೀ., 2018ರ ನಿಕಾನ್ ಝಡ್ ಪೀಠದ್ದು 16 ಮಿ.ಮೀ., ಅದೇ ವರ್ಷದ ಕ್ಯಾನನ್ ಆರ್‌ಎಫ್ ಪೀಠದ್ದು 20 ಮಿ.ಮೀ. ಆದುದರಿಂದ ಎಂ42 ಮಸೂರವನ್ನು ಸೋನಿ ಇ ಪೀಠಕ್ಕೆ ಜೋಡಿಸಬೇಕಾದರೆ 45.46ರಲ್ಲಿ 18 ಕಳೆದು ಉಳಿಯುವ 27.46 ಮಿ.ಮೀ. ಉದ್ದದ ಟೊಳ್ಳು ಕೊಳವೆಯೊಂದು ಸಾಕು. ಅಡಾಪ್ಟರ್ ಎಂದು ಮಾರುವ ಸಾಧನ ಇದೇ. ಅದರಲ್ಲಿ ಗಾಜಿನ ಅವಶ್ಯಕತೆಯಿಲ್ಲ.

ಅಂತರ ಕೊರತೆಯಾದರೆ ಕೊಳವೆಯಿಂದ ತುಂಬಬಹುದು. ಹೆಚ್ಚಾದರೆ ಕಳೆಯುವ ಉಪಾಯವಿಲ್ಲ. ಎಂ42 ಮಸೂರವನ್ನು ನಿಕಾನ್ ಎಫ್ ಕ್ಯಾಮರಾಕ್ಕೆ ಜೋಡಿಸುವ ಪ್ರಸಂಗವನ್ನು ನೋಡೋಣ. ಇಲ್ಲಿ ಮಸೂರವು ಇರಬೇಕಾದುದಕ್ಕಿಂತ ಕಡಮೆಯೆಂದರೂ 1.04 ಮಿ.ಮೀ. ಮುಂದೆ ನಿಲ್ಲುತ್ತದೆ. ಪದವಿ ತರಗತಿಯಲ್ಲಿ ಕಲಿಸುವ ನ್ಯೂಟನ್ನನ ಸೂತ್ರದಂತೆ, ವಸ್ತುವಿಗೆ ಮುಂದಿನ ಸಂಗಮಬಿಂದುವಿನಿಂದಲೂ ಬಿಂಬಕ್ಕೆ ಹಿಂದಿನ ಸಂಗಮಬಿಂದುವಿನಿಂದಲೂ ಇರುವ ದೂರಗಳ ಗುಣಲಬ್ಧವು ಸಂಗಮದೂರದ ವರ್ಗಕ್ಕೆ ಸಮ. 50 ಮಿ.ಮೀ. ಮಸೂರಕ್ಕೆ 2500ನ್ನು 1.04ರಿಂದ ಭಾಗಿಸಿದರೆ ಸುಮಾರು 2400 ಮಿ.ಮೀ. ಬರುತ್ತದೆ. ಎಂದರೆ, ಸುಮಾರು ಎರಡೂವರೆ ಮೀಟರಿನ ಆಚೆಯ ಯಾವ ವಸ್ತುವೂ ಸ್ಪಷ್ಟವಾಗದು. ಒಂದು ಮಿಲಿಮೀಟರಿನ ವ್ಯತ್ಯಾಸ ಮಸೂರದ ದೃಷ್ಟಿಯನ್ನು ಒಂದು ಕೋಣೆಯೊಳಗೆ ಕಟ್ಟಿಹಾಕುತ್ತದೆ.

ತಿರುಪು ಕೂಡಿದ ಮಾತ್ರಕ್ಕೆ ಅಳತೆ ಕೂಡಿತೆಂದು ತಿಳಿಯಬಾರದು. ಹಳೆಯ ಲೈಕಾ ಕ್ಯಾಮರಾಗಳಲ್ಲಿಯೂ ಮೊದಲ ಕಾಲದ ಸೋವಿಯತ್ ಝೆನಿತ್ ಕ್ಯಾಮರಾಗಳಲ್ಲಿಯೂ 39 ಮಿ.ಮೀ. ವ್ಯಾಸದ ತಿರುಪೇ ಇದೆ. ಆದರೆ ಪೀಠದೂರ ಮೊದಲನೆಯದರಲ್ಲಿ 28.8 ಮಿ.ಮೀ., ಎರಡನೆಯದರಲ್ಲಿ 45.2 ಮಿ.ಮೀ. ಒಂದಕ್ಕಾಗಿ ಮಾಡಿದ ಅಡಾಪ್ಟರಿನಲ್ಲಿ ಇನ್ನೊಂದರ ಮಸೂರ ಸಲೀಸಾಗಿ ಕುಳಿತರೂ ಬಿಂಬ ಸರಿಯಾದ ಸ್ಥಾನದಲ್ಲಿ ಬೀಳುವುದಿಲ್ಲ. ಕೊಳ್ಳುವವರು ವ್ಯಾಸವನ್ನಲ್ಲದೆ ಮಸೂರವು ಯಾವ ಕ್ಯಾಮರಾದ್ದೆಂಬುದನ್ನೂ ವಿಚಾರಿಸಬೇಕು.

ಜೋಡಣೆಯಾದ ಮೇಲೆ ಬಳಕೆಯ ಮಾತು. ಹಳೆಯ ಮಸೂರಕ್ಕೂ ಹೊಸ ಕ್ಯಾಮರಾಕ್ಕೂ ನಡುವೆ ವಿದ್ಯುತ್ ಸಂಪರ್ಕವಿಲ್ಲ. ಮಸೂರವೇ ಇಲ್ಲವೆಂದು ತಿಳಿದು ಕೆಲವು ಕ್ಯಾಮರಾಗಳು ಕೆಲಸ ಮಾಡಲು ನಿರಾಕರಿಸುತ್ತವೆ. ಮಸೂರವಿಲ್ಲದೆಯೂ ಚಿತ್ರ ತೆಗೆಯಲು ಅನುಮತಿಸುವ ಆಯ್ಕೆಯನ್ನು ಅವುಗಳಲ್ಲಿ ಮೊದಲೇ ಮಾಡಿಕೊಳ್ಳಬೇಕು. ದ್ಯುತಿರಂಧ್ರವನ್ನು ಮಸೂರದ ಮೇಲಿನ ಬಳೆಯಿಂದ ಕೈಯಾರೆ ಹೊಂದಿಸಬೇಕು. ಅದಕ್ಕೆ ತಕ್ಕ ಕಾಲಾವಧಿಯನ್ನು ಕ್ಯಾಮರಾ ತಾನೇ ನಿರ್ಧರಿಸಬಲ್ಲುದು. ಸಂಗಮವನ್ನು ಪರದೆಯ ಮೇಲೆ ಬಿಂಬವನ್ನು ಹಿಗ್ಗಿಸಿ ನೋಡಿ ಸರಿಪಡಿಸಬೇಕು. ಈ ಸೌಲಭ್ಯ ಫಿಲ್ಮಿನ ಕಾಲದಲ್ಲಿರಲಿಲ್ಲ. ಕೆಲವು ಮಸೂರಗಳಲ್ಲಿ ದ್ಯುತಿರಂಧ್ರವನ್ನು ಕಿರಿದುಗೊಳಿಸಿದಾಗ ಗೋಳೀಯ ವಿಪಥನದ ಕಾರಣ ಸಂಗಮವು ಸ್ವಲ್ಪ ಸರಿಯುವುದರಿಂದ, ಚಿತ್ರ ತೆಗೆಯುವ ರಂಧ್ರದಲ್ಲಿಯೇ ಸಂಗಮವನ್ನು ಪರೀಕ್ಷಿಸುವುದು ಮೇಲು. ಸಂಗಮದೂರ, ರಂಧ್ರಗಳ ವಿವರ ಚಿತ್ರದ ಕಡತದಲ್ಲಿ ದಾಖಲಾಗದು. ಸಂಶೋಧನೆಗಾಗಿ ತೆಗೆದ ಚಿತ್ರಗಳಿಗೆ ಅದನ್ನು ಪುಸ್ತಕದಲ್ಲಿ ಬರೆದಿಡತಕ್ಕದ್ದು.

ಸಂವೇದಕ ಚಿಕ್ಕದಾದರೆ ಸಂಗಮದೂರ ಬದಲಾಗುವುದೆಂಬ ತಪ್ಪು ಕಲ್ಪನೆಯೊಂದಿದೆ. ಬದಲಾಗುವುದು ನೋಟದ ಕೋನ ಮಾತ್ರ. 58 ಮಿ.ಮೀ. ಮಸೂರವು 36×24 ಮಿ.ಮೀ. ಚೌಕಟ್ಟಿನಲ್ಲಿ ಕರ್ಣದುದ್ದಕ್ಕೆ ಸುಮಾರು 41 ಡಿಗ್ರಿಗಳನ್ನು ಕಂಡರೆ, ಅದರ ಒಂದೂವರೆಯಲ್ಲೊಂದು ಪಾಲಿನ ಕರ್ಣವುಳ್ಳ ಸಂವೇದಕದಲ್ಲಿ ಸುಮಾರು 28 ಡಿಗ್ರಿಗಳನ್ನಷ್ಟೇ ಕಾಣುತ್ತದೆ.

ಹಳೆಯ ಮಸೂರದ ಮಿತಿಗಳನ್ನೂ ನಿಷ್ಪಕ್ಷಪಾತವಾಗಿ ಹೇಳಬೇಕು. ಮೊದಲನೆಯದಾಗಿ, ಅದರ ಪರೀಕ್ಷಕ ಈಗ ಹೆಚ್ಚು ಕಠಿಣ. 36 ಮಿ.ಮೀ. ಅಗಲದಲ್ಲಿ 6000 ಬಿಂದುಗಳಿರುವ ಸಂವೇದಕದಲ್ಲಿ ಒಂದು ಬಿಂದುವಿನ ಅಗಲ 0.006 ಮಿ.ಮೀ. ಫಿಲ್ಮಿನ ಕಾಲದಲ್ಲಿ ಸಹ್ಯವೆಂದು ಎಣಿಸುತ್ತಿದ್ದ 0.03 ಮಿ.ಮೀ.ನ ಮಸುಕು ಇದರ ಐದರಷ್ಟು. ಎರಡನೆಯದಾಗಿ, ಸಂವೇದಕದ ಮುಂದೆ ಗಾಜಿನ ಫಲಕವೊಂದಿರುತ್ತದೆ. ಫಿಲ್ಮಿನ ಮುಂದೆ ಅಂತಹದೇನೂ ಇಲ್ಲದುದರಿಂದ ಹಳೆಯ ಮಸೂರದ ಗಣನೆಯಲ್ಲಿ ಅದು ಸೇರಿಲ್ಲ. ಬಿಂಬತಲಕ್ಕೆ ಬಹು ಸಮೀಪ ನಿಲ್ಲುವ ಹಳೆಯ ವಿಶಾಲಕೋನ ಮಸೂರಗಳಿಂದ ಅಂಚಿಗೆ ಹೋಗುವ ಕಿರಣಗಳು ಈ ಫಲಕವನ್ನು ತೀರ ಓರೆಯಾಗಿ ದಾಟುತ್ತವೆ. ಚಿತ್ರದ ಅಂಚುಗಳು ಮಸುಕಾಗುತ್ತವೆ. ಕನ್ನಡಿಯ ಕ್ಯಾಮರಾಗಳ ಮಸೂರಗಳಲ್ಲಿ ಈ ತೊಂದರೆ ಅತ್ಯಲ್ಪ. ಮೂರನೆಯದು ಪ್ರತಿಫಲನ. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ಸುಮಾರು ಶೇಕಡ 4ರಷ್ಟು ಬೆಳಕನ್ನು ಹಿಂದಿರುಗಿಸುತ್ತದೆ. ಗಾಳಿಗೆ ತಾಗಿದ ಎಂಟು ಮೈಗಳಿದ್ದರೆ ಪಾರಾಗುವ ಬೆಳಕು ಶೇಕಡ 72 ಮಾತ್ರ. ಉಳಿದುದರಲ್ಲಿ ಒಂದು ಪಾಲು ಒಳಗೇ ಅಲೆದು ಚಿತ್ರವನ್ನು ಪೇಲವಗೊಳಿಸುತ್ತದೆ. 1935ರಲ್ಲಿ ಝೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲ ಅವರು ಪ್ರತಿಫಲನವನ್ನು ತಗ್ಗಿಸುವ ಲೇಪವನ್ನು ಕಂಡುಹಿಡಿದರು. ಅದಕ್ಕೂ ಹಿಂದಿನ ಮಸೂರಗಳಿಗೆ ಮುಂದೆ ನೆರಳುಕೊಳವೆಯೊಂದನ್ನು ತೊಡಿಸುವುದು ಅಗತ್ಯ.

ಒಂದೇ ಲಕ್ಷಣ ಒಂದೆಡೆ ಗುಣವಾಗಿ ಇನ್ನೊಂದೆಡೆ ದೋಷವಾಗುವುದೂ ಉಂಟು. ಝೈಸ್ ಸಂಸ್ಥೆಯ ಬಯೋಟಾರ್ ಮಸೂರದ ಮಾದರಿಯಲ್ಲಿ ಸೋವಿಯತ್ ಒಕ್ಕೂಟದಲ್ಲಿ ತಯಾರಾದ 58 ಮಿ.ಮೀ. ಹೀಲಿಯಾಸ್-44 ಮಸೂರವು ಹಿನ್ನೆಲೆಯ ಎಲೆಗಳನ್ನು ಸುಳಿಯಂತೆ ತಿರುಗಿಸಿ ತೋರುತ್ತದೆ. ಭಾವಚಿತ್ರ ತೆಗೆಯುವವರು ಅದನ್ನು ಅರಸಿ ಕೊಳ್ಳುತ್ತಾರೆ. ಅಂಚಿನವರೆಗೂ ಒಂದೇ ಸ್ಪಷ್ಟತೆ ಬೇಕಾದ ಓಲೆಗರಿಯ ಪ್ರತಿಗೆ ಅಂತಹ ಮಸೂರ ತಕ್ಕುದಲ್ಲ. ಅಲ್ಲಿ ಕತ್ತಲೆಕೋಣೆಯಲ್ಲಿ ಚಿತ್ರಗಳನ್ನು ಹಿಗ್ಗಿಸಲು ಬಳಸುತ್ತಿದ್ದ ಎನ್‌ಲಾರ್ಜರ್ ಮಸೂರವೇ ಉತ್ತಮ. ಚಪ್ಪಟೆಯಾದ ತಲದಿಂದ ಚಪ್ಪಟೆಯಾದ ತಲಕ್ಕೆ ಬಿಂಬವನ್ನು ಒಯ್ಯಲೆಂದೇ ಅದು ರಚಿತವಾದುದು.

ಕೊಳ್ಳುವ ಅಥವಾ ಕಪಾಟಿನಿಂದ ಹೊರತೆಗೆಯುವ ಮೊದಲು ಮಸೂರವನ್ನು ದೀಪಕ್ಕೆ ಹಿಡಿದು ನೋಡಬೇಕು. ನಮ್ಮ ಕರಾವಳಿ, ಮಲೆನಾಡುಗಳ ತೇವದಲ್ಲಿ ಗಾಜಿನ ಮೇಲೆ ಜೇಡರಬಲೆಯಂತೆ ಬೂಷ್ಟು ಹಬ್ಬುತ್ತದೆ; ಬಹುಕಾಲ ಬಿಟ್ಟರೆ ಅದು ಲೇಪವನ್ನೂ ಗಾಜನ್ನೂ ಕೊರೆಯುತ್ತದೆ. ತೇವ ಹೀರುವ ಸಿಲಿಕಾ ಜೆಲ್ಲಿನೊಡನೆ ಮುಚ್ಚಿದ ಡಬ್ಬಿಯಲ್ಲಿ ಇಡುವುದು ಕ್ಷೇಮ. ಹಳೆಯ ಕೆಲವು ಮಸೂರಗಳಲ್ಲಿ, ಉದಾಹರಣೆಗೆ 50 ಮಿ.ಮೀ. ಎಫ್/1.4 ಸೂಪರ್ ಟಾಕುಮಾರಿನ ಏಳು ಗಾಜುಗಳ ರೂಪದಲ್ಲಿ, ವಕ್ರೀಭವನಾಂಕವನ್ನು ಹೆಚ್ಚಿಸಲು ಥೋರಿಯಂ ಬೆರೆಸಿದ ಗಾಜಿದೆ. ಅದು ಅಲ್ಪ ಪ್ರಮಾಣದಲ್ಲಿ ವಿಕಿರಣಶೀಲ, ಕಾಲಕ್ರಮದಲ್ಲಿ ಹಳದಿಯಾಗುತ್ತದೆ. ಅತಿನೇರಳೆ ಬೆಳಕಿನಲ್ಲಿ ಇಟ್ಟರೆ ಹಳದಿ ತಿಳಿಯಾಗುತ್ತದೆ. ಇಂತಹ ಗಾಜನ್ನು ಉಜ್ಜುವುದಾಗಲಿ ಒಡೆಯುವುದಾಗಲಿ ಕೂಡದು.

ಈ ವಿಷಯವನ್ನು ತರಗತಿಯಲ್ಲಿ ಸುಲಭವಾಗಿ ಪ್ರಯೋಗಕ್ಕೆ ಒಡ್ಡಬಹುದು. ಅಡಾಪ್ಟರಿನ ಉದ್ದವನ್ನು ವರ್ನಿಯರ್ ಮಾಪಕದಿಂದ ನಾಲ್ಕು ಕಡೆಗಳಲ್ಲಿ ಅಳೆದು, ಇರಬೇಕಾದ ಬೆಲೆಯೊಡನೆ ಹೋಲಿಸಿ. ಅನಂತರ ಹಲವು ಕಿಲೋಮೀಟರ್ ದೂರದ ಬೆಟ್ಟವೊಂದರ ಬಿಂಬವನ್ನು ಸ್ಪಷ್ಟಗೊಳಿಸಿ, ಮಸೂರದ ಬಳೆ ಎಷ್ಟು ದೂರವನ್ನು ಸೂಚಿಸುವುದೆಂದು ಓದಿ. 50 ಮಿ.ಮೀ. ಮಸೂರದ ಬಳೆ 10 ಮೀಟರ್ ಎಂದು ತೋರಿದರೆ, 2500ನ್ನು 10,000ದಿಂದ ಭಾಗಿಸಿ, ಅಡಾಪ್ಟರ್ ಸುಮಾರು 0.25 ಮಿ.ಮೀ. ಗಿಡ್ಡವೆಂದು ಹೇಳಬಹುದು. ಅದು ವರ್ನಿಯರಿನ ಅಳತೆಗೆ ಹೊಂದುವುದೆ ಎಂಬುದನ್ನು ವಿದ್ಯಾರ್ಥಿಯೇ ನಿರ್ಣಯಿಸಲಿ. ಗಿಡ್ಡವಾದ ಅಡಾಪ್ಟರಿನಿಂದ ದೂರದ ದೃಶ್ಯಕ್ಕೆ ಹಾನಿಯಿಲ್ಲ, ಉದ್ದವಾದುದರಿಂದ ಇದೆ ಎಂಬುದಕ್ಕೆ ಕಾರಣವನ್ನೂ ಅವನೇ ಕಂಡುಕೊಳ್ಳುವನು.

ಸ್ವಯಂಚಾಲಿತ ಕ್ಯಾಮರಾದಲ್ಲಿ ಸಂಗಮ, ರಂಧ್ರಗಳೆಂಬುವು ಯಂತ್ರದೊಳಗೆ ಮರೆಯಾಗಿವೆ. ಹಳೆಯ ಮಸೂರ ಅವನ್ನು ಮತ್ತೆ ಕೈಗೆ ಕೊಡುತ್ತದೆ. ಪಟ್ಟಿಯಿಂದ ತೆಗೆದುಹಾಕುವ ಮುನ್ನ ಒಮ್ಮೆ ಅದರ ಪೀಠವನ್ನು ಗುರುತಿಸಿ, ಗಾಜನ್ನು ಪರೀಕ್ಷಿಸುವುದು ಅಧ್ಯಾಪಕರಿಗೆ ಅರ್ಧ ಗಂಟೆಯ ಕೆಲಸ. ಪ್ರಯೋಗಶಾಲೆಗೆ ಮಾತ್ರ ಅದು ಒಂದು ಉಪಕರಣದ ಉಳಿತಾಯ.