ಮಳೆಗೆ ಬೈಕ್ ಮುಷ್ಕರ ಹೂಡಿದರೆ

"ಸಿಡಿಐ ಹೋಗಿದೆ, ಬದಲಿಸ್ಬೇಕು" ಅಂದರು ಮೆಕ್ಯಾನಿಕ್. ಬದಲಿಸಿದ್ದಾಯ್ತು. ಮರುದಿನ ಜಡಿಮಳೆ. ಹಾಲಿನ ಕ್ಯಾನ್ ಕಟ್ಟಿಕೊಂಡು ಗೇಟು ದಾಟಿದ್ದೇ ತಡ, ಬೈಕ್ ಮತ್ತೆ ಬಂದ್! ರಾತ್ರಿ ಕೊಟ್ಟಿಗೆಯ ದೀಪ ಆರಿಸಿ ಕಿಕ್ ಹೊಡೆದಾಗ ಕಳ್ಳ ಸಿಕ್ಕಿಬಿದ್ದ. ಪ್ಲಗ್ ಕ್ಯಾಪಿನ ಕೂದಲೆಳೆಯಂಥ ಬಿರುಕಿನಿಂದ ನೀಲಿ ಕಿಡಿ ಎಂಜಿನ್ನಿಗೆ ಹಾರುತ್ತಿತ್ತು. ಹೊಸ ಕ್ಯಾಪ್ ಹಾಕಿದೆ, ಮತ್ತೆ ತಕರಾರಿಲ್ಲ.

ಮಳೆಗಾಲದಲ್ಲಿ ಕೈಕೊಡುವುದು ಹೆಚ್ಚಾಗಿ ಬಿಡಿಭಾಗ ಅಲ್ಲ, ನೀರು ಕುಳಿತ ಜೋಡಣೆ. ದುಡ್ಡು ಬಿಚ್ಚುವ ಮೊದಲು ಜೋಡಣೆ ಬಿಚ್ಚಿ ನೋಡಿ.

ಯಾಕೆ ಹೀಗೆ?

ಇಗ್ನಿಷನ್ ಕಾಯಿಲ್ ಪ್ಲಗ್ಗಿಗೆ ಕಳಿಸುವುದು 10 ಸಾವಿರ ವೋಲ್ಟಿಗೂ ಮಿಕ್ಕಿದ ವಿದ್ಯುತ್. ಕ್ಯಾಪ್, ವಯರ್ ಒಣಗಿದ್ದರೆ ಅದು ದಾರಿ ತಪ್ಪುವುದಿಲ್ಲ. ಬಿರುಕಿಗೆ ಕೆಸರುನೀರು ಇಳಿಯಿತೋ, ಅದೇ ಒಳದಾರಿ. ಕಿಡಿ ಪ್ಲಗ್ಗಿನ ತುದಿ ತಲಪುವುದೇ ಇಲ್ಲ.

ಎಲ್ಲಿಂದ ಹುಡುಕಬೇಕು?

ಕೀ ತಿರುಗಿಸಿ. ಹಾರ್ನ್, ಇಂಡಿಕೇಟರ್ ಎರಡೂ ಸತ್ತಿವೆಯೆ? ಹಾಗಾದರೆ ಫ್ಯೂಸ್, ಬ್ಯಾಟರಿ ಟರ್ಮಿನಲ್, ಚಾಸಿಗೆ ಬೋಲ್ಟ್ ಮಾಡಿದ ಅರ್ತ್ ವಯರ್ ನೋಡಿ. ಟರ್ಮಿನಲಿನಲ್ಲಿ ಬಿಳಿ-ಹಸುರು ಹುಡಿ ಇದ್ದರೆ ಕೆರೆದು ಬಿಗಿ ಮಾಡಿ. ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದ್ದರೆ ಎಲ್ಲೋ ವಯರ್ ಸವೆದಿದೆ, ಇಲ್ಲವೇ ಇಲಿ ಕಚ್ಚಿದೆ. ಅದರ ಬದಲು ತಂತಿ ಸುತ್ತುವ ಉಪಾಯ ಮಾತ್ರ ಬೇಡ. ಬೈಕೇ ಉರಿದೀತು!

ಹಾರ್ನ್ ಸರಿಯಿದ್ದು ಎಂಜಿನ್ ಮಾತ್ರ ಹಿಡಿಯದಿದ್ದರೆ ಕಿಲ್ ಸ್ವಿಚ್ ನಾಲ್ಕು ಸಲ ಆಚೀಚೆ ಮಾಡಿ. ಸೈಡ್ ಸ್ಟ್ಯಾಂಡಿಗೆ ಸ್ವಿಚ್ ಇದ್ದರೆ ಅದರ ಕೆಸರು ತೆಗೆಯಿರಿ. ಆಮೇಲೆ ಪ್ಲಗ್ ಕ್ಯಾಪ್ ಎಳೆದು ಒಳಗೂ ಹೊರಗೂ ಒಣಬಟ್ಟೆಯಲ್ಲಿ ಒರೆಸಿ. ದಾರಿಯಲ್ಲಿ ನಿಂತ ಎಷ್ಟೋ ಬೈಕುಗಳು ಇಷ್ಟಕ್ಕೇ ಹೊರಡುತ್ತವೆ. ವಯರಿನ ತುದಿ ಕಪ್ಪಾಗಿ, ಉದ್ದ ಸಾಕಷ್ಟಿದ್ದರೆ ಕಾಲು ಇಂಚು ಕತ್ತರಿಸಿ ಕ್ಯಾಪ್ ತಿರುಗಿಸಿ ಕೂರಿಸಿ.

ಇನ್ನೂ ಹಿಡಿಯಲಿಲ್ಲವೆ? ಟ್ಯಾಂಕಿನಡಿಯ, ಹೆಡ್‌ಲೈಟಿನ ಹಿಂದಿನ ಕನೆಕ್ಟರುಗಳ ಸರದಿ. ಕೀ ಆಫ್ ಮಾಡಿ ಬಿಚ್ಚಿ. ನೀರು ಕೊಡವಿ, ಪಿನ್ನಿನ ಹಸುರು ಕಿಲುಬು ತೆಗೆದು, ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ ಜೋಡಿಸಿ.

ಹೊಸ ಬೈಕಿಗೆ ಬೇರೆ ಮಾತು

2020ರ ಏಪ್ರಿಲಿನಿಂದ ಬಿಎಸ್-6 ನಿಯಮ ಬಂದ ಮೇಲೆ ಹೆಚ್ಚಿನ ಬೈಕುಗಳಿಗೆ ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಇದರಲ್ಲಿ ಪೆಟ್ರೋಲ್ ಪಂಪಿಗೂ ಬ್ಯಾಟರಿಯೇ ಆಧಾರ. ಹಾಗಾಗಿ ಬ್ಯಾಟರಿ ಸೊರಗಲು ಬಿಡಬೇಡಿ. ಕ್ಯಾಪ್ ಎಳೆದಿಟ್ಟು ಸ್ಟಾರ್ಟ್ ಮಾಡಿ ಕಿಡಿ ಹಾರಿಸುವ ಹಳೇ ಪರೀಕ್ಷೆ ಇಲ್ಲಿ ಬೇಡ, ಇಸಿಯು ಹಾಳಾದೀತು. ಎಂಜಿನ್ ದೀಪ ಆರದೆ ಉಳಿದರೆ ತಿಳಿದವರಿಗೇ ತೋರಿಸಿ.

ಮೇ ತಿಂಗಳಲ್ಲೇ ಮಾಡಿ

ಕ್ಯಾಪ್, ಅದರ ರಬ್ಬರ್ ಗಟ್ಟಿಯಾಗಿದ್ದರೆ ಬದಲಿಸಿ. ಪ್ಲಗ್ಗಿನ ಗುಂಡಿಗೆ ನೀರು ಹೋಗುವ ಸಣ್ಣ ತೂತಿದ್ದರೆ ಕಡ್ಡಿ ಹಾಕಿ ಬಿಡಿಸಿ. ತೊಳೆಯುವಾಗ ಪ್ರೆಶರ್ ನೀರನ್ನು ಸ್ವಿಚ್ಚು, ಕನೆಕ್ಟರಿಗೆ ಹಿಡಿಯಬೇಡಿ. ಒದ್ದೆ ಬೈಕಿಗೆ ಪ್ಲಾಸ್ಟಿಕ್ ಬಿಗಿದು ಮುಚ್ಚಿದರೆ ತೇವ ಒಳಗೇ ಉಳಿಯುತ್ತದೆ. ಗಾಳಿಯಾಡುವ ಮಾಡು ಸಾಕು.

ಸೀಟಿನಡಿ ಒಂದು ಒಣಬಟ್ಟೆ, ಪ್ಲಗ್ ಸ್ಪ್ಯಾನರ್, ಹೆಚ್ಚುವರಿ ಕ್ಯಾಪ್, ಫ್ಯೂಸ್ ಇರಲಿ. ನಡುರಾತ್ರಿ ಯಾರನ್ನಾದರೂ ಆಸ್ಪತ್ರೆಗೆ ಒಯ್ಯಬೇಕಾದಾಗ ಇವುಗಳ ಬೆಲೆ ಗೊತ್ತಾಗುತ್ತದೆ.